ಹಿತ್ತಲಿಗೆ ಹೊಸದನ್ನು ತರುವ ಮುನ್ನ

ವರ್ಷಕ್ಕೆ ಎರಡು ಸಲ, ಜನವರಿಯಲ್ಲಿ ಗಣರಾಜ್ಯೋತ್ಸವಕ್ಕೂ ಆಗಸ್ಟ್‌ನಲ್ಲಿ ಸ್ವಾತಂತ್ರ್ಯೋತ್ಸವಕ್ಕೂ, ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ ಫಲಪುಷ್ಪ ಪ್ರದರ್ಶನ ನಡೆಯುತ್ತದೆ. ಗಾಜಿನ ಮನೆಯೊಳಗಿನ ಹೂವಿನ ರಚನೆ ನೋಡಿ ಹೊರಬಂದ ಅನೇಕರು ಮಳಿಗೆಗಳ ಸಾಲಿನತ್ತ ಹೊರಳುತ್ತಾರೆ. ಬೀಜದ ಪೊಟ್ಟಣ, ಕಸಿ ಗಿಡ, ಬಣ್ಣದ ಕುಂಡ, ಎರೆಗೊಬ್ಬರದ ಚೀಲ, ಗೋಡೆಗೆ ನೇತುಹಾಕುವ ಚೌಕಟ್ಟು ಒಂದೊಂದಾಗಿ ಕೈಸೇರುತ್ತವೆ. ವರ್ಷದ ಉಳಿದ ದಿನಗಳಲ್ಲಿ ಇದೇ ಕೆಲಸವನ್ನು ಮೊಬೈಲ್ ಪರದೆ ಮಾಡಿಸುತ್ತದೆ. ಮನೆಯ ಹಿಂದೆ ನಾಲ್ಕಡಿ ಹಿತ್ತಲಿರುವವರಿಗೂ, ತಾರಸಿ ಮಾತ್ರ ಇರುವವರಿಗೂ, ಬರೀ ಬಾಲ್ಕನಿಯಲ್ಲೇ ತೃಪ್ತಿಪಡಬೇಕಾದವರಿಗೂ ಇಂದು ಹೊಸ ವಸ್ತುಗಳಿಗೆ, ಹೊಸ ಯೋಚನೆಗಳಿಗೆ ಕೊರತೆಯಿಲ್ಲ. ತೊಂದರೆ ಇರುವುದು ನಾವು ಆರಿಸುವ ಕ್ರಮದಲ್ಲಿ. ಮೊದಲು ವಸ್ತು ಕೊಳ್ಳುತ್ತೇವೆ, ಆಮೇಲೆ ಅದನ್ನು ಎಲ್ಲಿಡುವುದೆಂದು ಯೋಚಿಸುತ್ತೇವೆ. ಹಾಗೆ ತಂದ ಗಿಡ ಸೊರಗಿದಾಗ ‘ನನ್ನ ಕೈಗುಣ ಸರಿಯಿಲ್ಲ’ ಎಂದು ಕೈಚೆಲ್ಲುತ್ತೇವೆ. ಈ ಕ್ರಮವನ್ನು ತಿರುಗಿಸಬೇಕು ಎಂಬುದೇ ಈ ಲೇಖನದ ವಾದ. ಮೊದಲು ನಮ್ಮ ಜಾಗದ ಲೆಕ್ಕ, ಆಮೇಲೆ ಆ ಲೆಕ್ಕಕ್ಕೆ ಉತ್ತರ ಕೊಡಬಲ್ಲ ಹೊಸ ವಸ್ತು. ಅದನ್ನೂ ನಮ್ಮಂಥದೇ ಹವೆಯಲ್ಲಿ ಕೆಲಸ ಮಾಡುತ್ತಿರುವುದನ್ನು ಕಣ್ಣಾರೆ ಕಂಡು, ಕೇಳಿದ್ದಕ್ಕೆ ಉತ್ತರ ಹೇಳಬಲ್ಲವರಿಂದ ತರುವುದು.

ಮೊದಲು ಬಿಸಿಲು, ಭಾರ, ನೀರು

ಕೈತೋಟದಲ್ಲಿ ದುಡ್ಡು ಕೊಟ್ಟು ತರಲಾಗದ ವಸ್ತು ಬಿಸಿಲು. ಟೊಮೆಟೊ, ಬದನೆ, ಮೆಣಸಿನಕಾಯಿ, ಬೆಂಡೆಯಂಥ ಕಾಯಿ ಬಿಡುವ ಗಿಡಗಳಿಗೆ ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೇಕು. ಕೊತ್ತಂಬರಿ, ಮೆಂತ್ಯ, ಪಾಲಕ್‌ನಂಥ ಸೊಪ್ಪುಗಳು ಮೂರು ನಾಲ್ಕು ಗಂಟೆಯಲ್ಲೂ ಸುಧಾರಿಸಿಕೊಳ್ಳುತ್ತವೆ. ಒಂದೆಲಗ, ದೊಡ್ಡಪತ್ರೆಗೆ ಅರೆನೆರಳೂ ಸಾಕು. ಇದು ಹಲವರಿಗೆ ಗೊತ್ತಿರುವ ಸಂಗತಿ. ಬಿಸಿಲು ವರ್ಷವಿಡೀ ಒಂದೇ ಕಡೆಯಿಂದ ಬರುವುದಿಲ್ಲ ಎಂಬುದು ಮಾತ್ರ ಗಿಡ ಕೊಳ್ಳುವಾಗ ಯಾರ ಲೆಕ್ಕಕ್ಕೂ ಬರುವುದಿಲ್ಲ. ಬೆಂಗಳೂರು ಭೂಮಧ್ಯರೇಖೆಯಿಂದ ಸುಮಾರು 13 ಡಿಗ್ರಿ ಉತ್ತರದಲ್ಲಿದೆ. ಅಲ್ಲಿ ಏಪ್ರಿಲ್ ಕೊನೆಯ ವಾರದಲ್ಲೊಮ್ಮೆ, ಆಗಸ್ಟ್ ಮಧ್ಯಭಾಗದಲ್ಲಿ ಇನ್ನೊಮ್ಮೆ ನಡುಹಗಲಿನ ಸೂರ್ಯ ನೆತ್ತಿಯ ಮೇಲೆ ಬರುತ್ತಾನೆ. ಆ ಎರಡು ದಿನಗಳ ನಡುವೆ ತುಸು ಉತ್ತರಕ್ಕೂ, ಉಳಿದ ತಿಂಗಳುಗಳಲ್ಲಿ ದಕ್ಷಿಣಕ್ಕೂ ಇರುತ್ತಾನೆ. ಹಾಗಾಗಿ ದಕ್ಷಿಣಕ್ಕೆ ಮುಖ ಮಾಡಿದ ಬಾಲ್ಕನಿ ಜನವರಿಯಲ್ಲಿ ಬಿಸಿಲಿನಿಂದ ತುಂಬಿರುತ್ತದೆ, ಜೂನ್ ಹೊತ್ತಿಗೆ ಅದೇ ಜಾಗ ಛಾವಣಿಯ ನೆರಳಿಗೆ ಬೀಳುತ್ತದೆ. ಜನವರಿಯ ಪ್ರದರ್ಶನದಲ್ಲಿ ಕೊಂಡ ಗುಲಾಬಿ ಮಾರ್ಚ್‌ವರೆಗೆ ಹೂ ಬಿಟ್ಟು ಆಮೇಲೆ ಬಡವಾಗಲು ಗೊಬ್ಬರದ ಕೊರತೆಯೇ ಕಾರಣವಾಗಿರಬೇಕೆಂದಿಲ್ಲ. ಬೆಳಿಗ್ಗೆ ಎಂಟು, ನಡುಹಗಲು ಹನ್ನೆರಡು, ಸಂಜೆ ನಾಲ್ಕು ಗಂಟೆಗೆ ನೆರಳು ಎಲ್ಲಿ ಬೀಳುತ್ತದೆಂದು ಸೀಮೆಸುಣ್ಣದಲ್ಲಿ ನೆಲದ ಮೇಲೆ ಗೆರೆ ಎಳೆದು, ಎರಡು ತಿಂಗಳಿಗೊಮ್ಮೆ ಮತ್ತೆ ನೋಡಿದರೆ ನಮ್ಮ ಜಾಗದ ನಕ್ಷೆ ಸಿಗುತ್ತದೆ. ಅದನ್ನು ಕೈಯಲ್ಲಿ ಹಿಡಿದು ನರ್ಸರಿಗೆ ಹೋದವರು ಬೇಡದ ಗಿಡವನ್ನು ಹೊತ್ತು ತರುವುದಿಲ್ಲ.

ತಾರಸಿ ತೋಟದವರಿಗೆ ಎರಡನೆಯ ಲೆಕ್ಕ ಭಾರದ್ದು. ಜನ ಓಡಾಡುವ ಸಮತಟ್ಟು ತಾರಸಿಗೆ ಅದರ ಸ್ವಂತ ತೂಕ ಬಿಟ್ಟು ಚದರ ಮೀಟರಿಗೆ ಸುಮಾರು 150 ಕಿಲೋ ಹೊರೆ ಹಿಡಿದು ವಿನ್ಯಾಸ ಮಾಡಬೇಕೆನ್ನುತ್ತದೆ ಭಾರತೀಯ ಮಾನಕ ಐಎಸ್ 875. ಒಂದು ಚದರ ಮೀಟರ್ ಪಾತಿ ಕಟ್ಟಿ 20 ಸೆಂಟಿಮೀಟರ್ ಎತ್ತರಕ್ಕೆ ಮಣ್ಣು ತುಂಬಿದರೆ 200 ಲೀಟರ್ ಮಣ್ಣಾಯಿತು. ನೀರುಂಡ ಮಣ್ಣು ಲೀಟರಿಗೆ ಒಂದೂವರೆ ಕಿಲೋಗೂ ಮೀರಿ ತೂಗುವುದರಿಂದ ಆ ಪಾತಿ 300 ಕಿಲೋ ದಾಟುತ್ತದೆ, ಅಂದರೆ ಲೆಕ್ಕದ ಎರಡರಷ್ಟು. ತೆಂಗಿನ ನಾರಿನ ಪುಡಿ, ಅಂದರೆ ಕೋಕೋಪೀಟ್, ತಾರಸಿ ತೋಟದಲ್ಲಿ ಇಷ್ಟು ಬಳಕೆಗೆ ಬಂದಿರುವುದು ಈ ಕಾರಣಕ್ಕೆ. ಅದು ಹಗುರ, ನೀರನ್ನೂ ಹಿಡಿದಿಡುತ್ತದೆ. ಕೆಂಪು ಮಣ್ಣು, ಕಾಂಪೋಸ್ಟ್, ಕೋಕೋಪೀಟ್ ಮೂರನ್ನೂ ಸಮಪಾಲು ಬೆರೆಸುವ ರೂಢಿ ತಾರಸಿಯ ಭಾರವನ್ನು ಗಮನಾರ್ಹವಾಗಿ ಇಳಿಸುತ್ತದೆ. ದೊಡ್ಡ ಕುಂಡಗಳನ್ನು ತಾರಸಿಯ ನಡುವೆ ಇಡದೆ, ಕೆಳಗೆ ಗೋಡೆ ಅಥವಾ ತೊಲೆ ಇರುವ ಕಡೆ ಇಡುವುದು ಇನ್ನೊಂದು ಜಾಣತನ. ಹಳೆಯ ಮನೆಯಾದರೆ ಪಾತಿ ಕಟ್ಟುವ ಮೊದಲು ಎಂಜಿನಿಯರ್ ಒಬ್ಬರಿಗೆ ತೋರಿಸುವುದು ಕ್ಷೇಮ. ನೆಲದ ಮೇಲೆ ಹಿತ್ತಲಿರುವವರಿಗೆ ಈ ಸಮಸ್ಯೆಯೇ ಇಲ್ಲ, ಆದ್ದರಿಂದ ಕೋಕೋಪೀಟ್ ಕೊಳ್ಳುವ ಖರ್ಚೂ ಅವರಿಗೆ ಬೇಕಿಲ್ಲ. ಅವರ ದುಡ್ಡು ಕಾಂಪೋಸ್ಟಿಗೆ ಹೋದರೆ ಸಾರ್ಥಕ.

ಮೂರನೆಯದು ನೀರು. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಗಿಡಗಳಿಗೆ, ವಾಹನ ತೊಳೆಯಲು ಕುಡಿಯುವ ನೀರು ಬಳಸಬಾರದೆಂದು ಆದೇಶಿಸಿ, ಮೀರಿದವರಿಗೆ 5,000 ರೂಪಾಯಿ ದಂಡವೆಂದು ಸಾರಿತು. ಬೇಸಿಗೆಯ ಮೂರು ತಿಂಗಳು ಗಿಡಕ್ಕೆ ನೀರು ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೆ ಉತ್ತರವಿಲ್ಲದೆ ತೋಟ ಹಿಗ್ಗಿಸುವುದು ವ್ಯರ್ಥವೆಂಬುದನ್ನು ಆ ಬೇಸಿಗೆ ಕಲಿಸಿತು. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಬೆಂಗಳೂರಿನ ವಾರ್ಷಿಕ ಮಳೆ ಸರಾಸರಿ 970 ಮಿಲಿಮೀಟರ್ ಆಸುಪಾಸು. 100 ಚದರ ಮೀಟರ್ ತಾರಸಿಯಲ್ಲಿ ಐದನೇ ಒಂದು ಪಾಲು ಪೋಲಾಯಿತೆಂದು ಹಿಡಿದರೂ 75,000 ಲೀಟರ್ ಮೀರಿ ನೀರು ಸಿಗುತ್ತದೆ. ಇದರಲ್ಲಿ ಒಂದಂಶವನ್ನು ಡ್ರಮ್ಮಿನಲ್ಲೋ ತೊಟ್ಟಿಯಲ್ಲೋ ಹಿಡಿದಿಟ್ಟರೆ ಸಣ್ಣ ತೋಟ ಮಳೆ ಬಾರದ ವಾರಗಳನ್ನು ದಾಟುತ್ತದೆ. ಈ ಲೆಕ್ಕ ಮಾಡಿದವರ ಕಣ್ಣಿಗೆ ಮೊದಲು ಬೀಳಬೇಕಾದ ‘ಹೊಸ ವಸ್ತು’ ಹೂವಿನ ಗಿಡವಲ್ಲ, ಮಳೆನೀರಿನ ಕೊಳವೆಗೆ ಹಾಕುವ ಶೋಧಕ ಮತ್ತು ಒಂದು ಸಣ್ಣ ಹನಿ ನೀರಾವರಿ ಜೋಡಣೆ.

ಹೊಸದು ಸಿಗುವ ಜಾಗಗಳು

ಇಷ್ಟು ಲೆಕ್ಕ ಕೈಗೆ ಬಂದ ಮೇಲೆ ಹುಡುಕಾಟ ಸುಲಭ. ತಳಿಗಳ ವಿಷಯಕ್ಕೆ ಬಂದರೆ ಕರ್ನಾಟಕದವರ ಮನೆ ಬಾಗಿಲಲ್ಲೇ ದೇಶದ ಮುಖ್ಯ ಸಂಶೋಧನಾ ಕೇಂದ್ರವೊಂದಿದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ 1967ರಲ್ಲಿ ಶುರುವಾದದ್ದು. ‘ಅರ್ಕಾ’ ಎಂಬ ಹೆಸರಿನಿಂದ ಆರಂಭವಾಗುವ ತರಕಾರಿ, ಹಣ್ಣು, ಹೂವಿನ ತಳಿಗಳೆಲ್ಲ ಅಲ್ಲಿನವು. ಬೆಂಡೆ ಬೆಳೆದವರಿಗೆಲ್ಲ ಗೊತ್ತು, ಎಲೆಯ ನರಗಳು ಹಳದಿಯಾಗಿ, ಕಾಯಿ ಬಿಳಿಚಿಕೊಂಡು, ಗಿಡವೇ ನಿಂತುಹೋಗುವ ಹಳದಿ ನಂಜು ರೋಗದ ಕಾಟ. ಬಿಳಿ ನೊಣ ಹರಡುವ ಈ ರೋಗ ಬಂದ ಮೇಲೆ ಮದ್ದಿಲ್ಲ. ಅದನ್ನು ತಾಳಿಕೊಳ್ಳಬಲ್ಲ ‘ಅರ್ಕಾ ಅನಾಮಿಕಾ’ ತಳಿಯನ್ನು ಕಾಡುಬೆಂಡೆಯ ಜಾತಿಯೊಂದರ ಜೊತೆ ಸಂಕರ ಮಾಡಿ ಈ ಸಂಸ್ಥೆ ರೂಪಿಸಿತು. ಟೊಮೆಟೊದಲ್ಲಿ ‘ಅರ್ಕಾ ರಕ್ಷಕ್’ ಎಲೆ ಮುಟುರು ರೋಗ, ದುಂಡಾಣು ಸೊರಗು ರೋಗ, ಅಂಗಮಾರಿ ಈ ಮೂರನ್ನೂ ತಡೆಯುವ ಶಕ್ತಿಯುಳ್ಳದ್ದು. ‘ಅರ್ಕಾ ಸುಗುಣ’ ಹಲವು ಸಲ ಕೊಯ್ಯಬಹುದಾದ ದಂಟಿನ ತಳಿ. ಔಷಧ ಸಿಂಪಡಿಸದೆ ತರಕಾರಿ ತಿನ್ನಬೇಕೆಂದು ಕೈತೋಟ ಮಾಡುವವರಿಗೆ ಇಂಥ ತಳಿಯೇ ಮೊದಲ ಔಷಧ. ಸಂಸ್ಥೆ ಬೀಜಗಳನ್ನು ಕೌಂಟರಿನಲ್ಲೂ ಆನ್‌ಲೈನಿನಲ್ಲೂ ಮಾರುತ್ತದೆ. ತರಕಾರಿಗೆ ಸಿಂಪಡಿಸುವ ಲಘು ಪೋಷಕಾಂಶಗಳ ಮಿಶ್ರಣ, ಸೂಕ್ಷ್ಮಾಣು ಗೊಬ್ಬರ, ಹುದುಗಿಸಿದ ಕೋಕೋಪೀಟ್, ಕಡಿಮೆ ಜಾಗದಲ್ಲಿ ಕುಂಡ ಜೋಡಿಸುವ ಲಂಬ ತೋಟದ ಚೌಕಟ್ಟು ಕೂಡ ಅಲ್ಲಿ ರೂಪುಗೊಂಡಿವೆ.

ಮೇಳಗಳು ಎರಡನೆಯ ಮೂಲ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ಸಾಮಾನ್ಯವಾಗಿ ನವೆಂಬರ್‌ನಲ್ಲಿ, ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಸೆಪ್ಟೆಂಬರ್‌ನಲ್ಲಿ ಕೃಷಿ ಮೇಳ ನಡೆಯುತ್ತದೆ. ಬಾಗಲಕೋಟೆಯ ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯವೂ ತೋಟಗಾರಿಕೆ ಮೇಳ ನಡೆಸುತ್ತದೆ. ಇವು ರೈತರಿಗಾಗಿ ಇರುವಂಥವು, ನಮಗೇನು ಕೆಲಸ ಎಂದು ಪೇಟೆಯವರು ದೂರ ಉಳಿಯಬೇಕಿಲ್ಲ. ಮೇಳದಲ್ಲಿ ಮಳಿಗೆಗಿಂತ ಪ್ರಾತ್ಯಕ್ಷಿಕೆಯ ತಾಕು ಮುಖ್ಯ. ಅಲ್ಲಿ ಗಿಡ ನೆಲದಲ್ಲಿ ನಿಂತಿರುತ್ತದೆ, ಅದರ ಎತ್ತರ, ಕಾಯಿ, ರೋಗ ಎಲ್ಲವೂ ಕಣ್ಣಿಗೆ ಕಾಣುತ್ತವೆ, ಪಕ್ಕದಲ್ಲಿ ಅದನ್ನು ಬೆಳೆಸಿದವರೇ ಇರುತ್ತಾರೆ. ಅವರನ್ನು ಕೇಳಬೇಕಾದ ಪ್ರಶ್ನೆಗಳು ನಾಲ್ಕು: ನಮ್ಮ ಊರಲ್ಲಿ ಇದನ್ನು ಯಾವ ತಿಂಗಳು ಬಿತ್ತಬೇಕು, ಕುಂಡದಲ್ಲಿ ಬರುತ್ತದೆಯೇ, ಯಾವ ರೋಗ ಬೀಳುತ್ತದೆ, ಬೀಜ ಎತ್ತಿಟ್ಟು ಮತ್ತೆ ಬಿತ್ತಬಹುದೇ. ಬೆಳಗಾವಿ ಜಿಲ್ಲೆಯ ಅರಭಾವಿಯ ತೋಟಗಾರಿಕಾ ಕಾಲೇಜಿನಿಂದ ಬಂದ ‘ಭಾಗ್ಯ’ ನುಗ್ಗೆ ಕುಳ್ಳಗೆ ಬೆಳೆಯುವ ತಳಿ. ಹಳೆಯ ನುಗ್ಗೆ ಮರ ವಿದ್ಯುತ್ ತಂತಿಗೆ ತಾಗುವಷ್ಟು ಬೆಳೆದು, ಗಾಳಿಗೆ ಕೊಂಬೆ ಮುರಿದು ತೊಂದರೆಪಟ್ಟವರಿಗೆ ಇಂಥ ತಳಿಯ ಸುದ್ದಿ ಸಿಗುವುದು ಮೇಳದಲ್ಲೇ ಹೊರತು ಜಾಹೀರಾತಿನಲ್ಲಲ್ಲ. ಜಿಲ್ಲೆಗಳಲ್ಲಿರುವ ತೋಟಗಾರಿಕೆ ಇಲಾಖೆಯ ಸಸ್ಯಕ್ಷೇತ್ರಗಳು, ಕೃಷಿ ವಿಜ್ಞಾನ ಕೇಂದ್ರಗಳು ವರ್ಷವಿಡೀ ತೆರೆದಿರುತ್ತವೆ. ಅಲ್ಲಿ ಸಿಗುವ ತೆಂಗು, ಮಾವು, ನಿಂಬೆ, ಸೀಬೆಯ ಸಸಿಗಳಿಗೆ ತಳಿಯ ಹೆಸರಾದರೂ ಖಚಿತವಾಗಿರುತ್ತದೆ. ಹಣ್ಣಿನ ಗಿಡದಲ್ಲಿ ಮೋಸ ಹೋದದ್ದು ತಿಳಿಯಲು ನಾಲ್ಕೈದು ವರ್ಷ ಬೇಕಾಗುವುದರಿಂದ ಈ ಖಚಿತತೆಯ ಬೆಲೆ ದೊಡ್ಡದು.

ಮೂರನೆಯ ಮೂಲ ಬೀಜ ಉಳಿಸಿದವರು. ಶಿರಸಿಯ ಸುತ್ತಲಿನ ಮಹಿಳೆಯರ ‘ವನಸ್ತ್ರೀ’ ಬಳಗ ಮಲೆನಾಡಿನ ಹಿತ್ತಲುಗಳ ತರಕಾರಿ ಬೀಜ, ಹೂವಿನ ಗಿಡ, ಗೆಡ್ಡೆಗಳನ್ನು ಉಳಿಸಿ ಹಂಚುತ್ತ ಬಂದಿದೆ. ‘ಸಹಜ ಸಮೃದ್ಧ’ ಸಂಸ್ಥೆ ರಾಜ್ಯದ ನಾನಾ ಕಡೆ ಬೀಜ ಮೇಳ ನಡೆಸುತ್ತದೆ. ಬೆಂಗಳೂರಿನ ತಾರಸಿ ತೋಟಗಾರರು 2011ರಿಂದ ನಡೆಸಿಕೊಂಡು ಬಂದ ‘ಊಟ ಫ್ರಂ ಯುವರ್ ತೋಟ’ ಕೂಟಗಳಲ್ಲಿ ಬೀಜ ವಿನಿಮಯವೇ ಮುಖ್ಯ ಆಕರ್ಷಣೆ. ಪೇಟೆಯಲ್ಲಿ ತಾರಸಿ ತೋಟವನ್ನು ಜನಪ್ರಿಯಗೊಳಿಸಿದ ಡಾ. ಬಿ.ಎನ್. ವಿಶ್ವನಾಥ್ ಅವರ ದುಡಿಮೆಯ ಫಲವನ್ನು ಈ ಕೂಟಗಳಲ್ಲಿ ನೋಡಬಹುದು. ಇಂಥ ಕಡೆ ಸಿಗುವ ಬೀಜದ ಜೊತೆ ಅದರ ಚರಿತ್ರೆಯೂ ಬರುತ್ತದೆ: ಯಾವ ಮಣ್ಣಿನದು, ಯಾವಾಗ ಬಿತ್ತುವುದು, ಯಾವ ಅಡುಗೆಗೆ ಒಗ್ಗುತ್ತದೆ. ಉಡುಪಿ ಬಳಿಯ ಮಟ್ಟು ಗ್ರಾಮದ ಗುಳ್ಳ ಬದನೆ ಭೌಗೋಳಿಕ ಸೂಚಕ ಪಡೆದದ್ದು ಆ ಊರಿನ ಮಣ್ಣು, ನೀರಿನ ಗುಣಕ್ಕೆ. ಅದನ್ನು ತುಮಕೂರಿನ ತಾರಸಿಯಲ್ಲಿ ನೆಟ್ಟವರು ಗಿಡವನ್ನು ಪಡೆಯಬಹುದು, ಆ ರುಚಿ ಸಿಗದಿರಬಹುದು. ಇದನ್ನು ಮೊದಲೇ ಹೇಳಬಲ್ಲವರು ಬೀಜ ಉಳಿಸಿದವರೇ. ಮಾರುವವರು ಗುಣವನ್ನಷ್ಟೇ ಹೇಳುತ್ತಾರೆ, ಬೆಳೆದವರು ಮಿತಿಯನ್ನೂ ಹೇಳುತ್ತಾರೆ.

ಕೊಳ್ಳುವ ಮುನ್ನ ಪರೀಕ್ಷೆ

ವಸ್ತುಗಳ ವಿಷಯದಲ್ಲಿ ನಂಬಿಕೆಗಿಂತ ಪರೀಕ್ಷೆ ಮೇಲು, ಬಹಳಷ್ಟು ಪರೀಕ್ಷೆಗಳನ್ನು ಅಡುಗೆಮನೆಯಲ್ಲೇ ಮಾಡಬಹುದು. ಬೀಜದ ಪೊಟ್ಟಣ ತಂದ ದಿನ ಹತ್ತು ಬೀಜ ಎಣಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ, ಮುಚ್ಚಳದ ಡಬ್ಬಿಯಲ್ಲಿಡಿ. ಬಟ್ಟೆ ಒಣಗದಂತೆ ದಿನಕ್ಕೊಮ್ಮೆ ನೀರು ಚಿಮುಕಿಸಿ. ಮೂಲಂಗಿ, ದಂಟಿನ ಬೀಜ ಮೂರ್ನಾಲ್ಕು ದಿನದಲ್ಲಿ, ಟೊಮೆಟೊ, ಬದನೆ ವಾರದ ಮೇಲೆ ಮೊಳೆಯುತ್ತವೆ. ಹತ್ತರಲ್ಲಿ ಏಳೆಂಟು ಮೊಳೆತರೆ ಬೀಜ ಚೆನ್ನಾಗಿದೆ. ನಾಲ್ಕಕ್ಕೆ ನಿಂತರೆ ದಟ್ಟವಾಗಿ ಬಿತ್ತಬೇಕು, ಇಲ್ಲವೇ ಅಂಗಡಿಗೆ ಹಿಂದಿರುಗಿಸಬೇಕು. ಎರೆಗೊಬ್ಬರಕ್ಕೂ ಇಂಥದೇ ಪರೀಕ್ಷೆ ಇದೆ. ಒಳ್ಳೆಯ ಗೊಬ್ಬರ ಮಳೆ ಬಿದ್ದ ಕಾಡುಮಣ್ಣಿನ ವಾಸನೆ ಹೊಂದಿರುತ್ತದೆ, ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗುತ್ತದೆ, ಬೆರಳಿನಿಂದ ತಟ್ಟಿದರೆ ಪುಡಿಯಾಗುತ್ತದೆ. ಅಮೋನಿಯಾದ ಘಾಟು ಇದ್ದರೆ, ಚೀಲ ಬೆಚ್ಚಗಿದ್ದರೆ ಅದು ಇನ್ನೂ ಮಾಗಿಲ್ಲ. ಅನುಮಾನವಿದ್ದರೆ ಒಂದು ಲೋಟದಲ್ಲಿ ಆ ಗೊಬ್ಬರವನ್ನೂ ಇನ್ನೊಂದರಲ್ಲಿ ಹಿತ್ತಲ ಮಣ್ಣನ್ನೂ ತುಂಬಿ ಎರಡರಲ್ಲೂ ಮೆಂತ್ಯ ಬಿತ್ತಿ. ಗೊಬ್ಬರದಲ್ಲಿ ಮೊಳಕೆ ಸುಟ್ಟಂತಾದರೆ ಆ ಚೀಲ ಇನ್ನೊಂದು ತಿಂಗಳು ನೆರಳಿನಲ್ಲಿ ಕಾಯಬೇಕು.

ಕೋಕೋಪೀಟಿನ ಬಗ್ಗೆ ಎರಡು ಎಚ್ಚರಿಕೆ. ಐದು ಕಿಲೋ ಇಟ್ಟಿಗೆ ನೀರಲ್ಲಿ ನೆನೆದರೆ ಸುಮಾರು 70 ಲೀಟರಿನಷ್ಟು ಹಿಗ್ಗುತ್ತದೆ, ಆದರೆ ಅದರಲ್ಲಿ ಗಿಡಕ್ಕೆ ಬೇಕಾದ ಆಹಾರ ಇಲ್ಲವೆಂದೇ ಹೇಳಬೇಕು. ಕಾಂಪೋಸ್ಟ್ ಬೆರೆಸದೆ ಬರೀ ಕೋಕೋಪೀಟಿನಲ್ಲಿ ನೆಟ್ಟ ಗಿಡ ಹಳದಿಯಾಗುವುದು ಹಸಿವಿನಿಂದ. ಎರಡನೆಯದಾಗಿ, ತೆಂಗಿನ ನಾರಿನಲ್ಲಿ ಉಪ್ಪಿನಂಶ ಇರುತ್ತದೆ. ಚೆನ್ನಾಗಿ ತೊಳೆಯದ ಇಟ್ಟಿಗೆಯಾದರೆ ನೆನೆಸಿದ ನೀರು ಗಾಢ ಕಂದು ಬಣ್ಣಕ್ಕೆ ತಿರುಗುತ್ತದೆ. ಆ ನೀರನ್ನು ಬಸಿದು, ಎರಡು ಮೂರು ಬಾರಿ ಹೊಸ ನೀರಿನಲ್ಲಿ ತೊಳೆದ ಮೇಲೆ ಬಳಸಬೇಕು. ಗಿಡದ ಚೀಲಗಳನ್ನು ಕೊಳ್ಳುವಾಗ ಬಣ್ಣ ನೋಡದೆ, ಬಿಸಿಲಿನ ಅತಿನೇರಳೆ ಕಿರಣ ತಾಳುವಂತೆ ಮಾಡಿದ್ದೇ ಎಂದು ಕೇಳಬೇಕು. ಹಾಗಿಲ್ಲದ ಚೀಲ ಒಂದೆರಡು ಬೇಸಿಗೆಗೆ ಪುಡಿಯಾಗಿ ಪ್ಲಾಸ್ಟಿಕ್ ಚೂರುಗಳು ನಾವು ತಿನ್ನುವ ತರಕಾರಿಯ ಮಣ್ಣಿಗೇ ಸೇರುತ್ತವೆ. ಸೊಪ್ಪಿಗೆ ಆರು ಇಂಚು ಆಳ ಸಾಕು, ಟೊಮೆಟೊ, ಬದನೆಗೆ ಒಂದಡಿಯಾದರೂ ಬೇಕು. ಬೇವಿನೆಣ್ಣೆಯನ್ನು ಲೀಟರ್ ನೀರಿಗೆ ಐದು ಮಿಲಿಲೀಟರಿನಂತೆ, ಎರಡು ಹನಿ ಸೋಪಿನ ದ್ರಾವಣ ಸೇರಿಸಿ, ಸಂಜೆ ಸಿಂಪಡಿಸಬೇಕು. ಬೇವಿನ ಮುಖ್ಯಾಂಶವಾದ ಅಜಾಡಿರಾಕ್ಟಿನ್ ಬಿಸಿಲಿಗೆ ಬೇಗ ಕೆಡುವುದರಿಂದ ಬೆಳಗಿನ ಸಿಂಪಡಣೆ ಅರ್ಧ ವ್ಯರ್ಥ.

ಹಸಿ ಕಸದಿಂದ ಗೊಬ್ಬರ ಮಾಡುವ ಪಾತ್ರೆಗಳಂತೂ ಈಗ ಹತ್ತಾರು ನಮೂನೆಯಲ್ಲಿವೆ. ಬೆಂಗಳೂರಿನ ‘ಡೈಲಿ ಡಂಪ್’ ಸಂಸ್ಥೆ 2006ರಲ್ಲಿ ಮಣ್ಣಿನ ಮಡಕೆಗಳನ್ನು ಒಂದರ ಮೇಲೊಂದು ಕೂರಿಸಿದ ‘ಕಂಬ’ವನ್ನು ಬಳಕೆಗೆ ತಂದಿತು. ಎಚ್‌ಎಸ್‌ಆರ್ ಬಡಾವಣೆಯ ‘ಸ್ವಚ್ಛಗ್ರಹ ಕಲಿಕಾ ಕೇಂದ್ರ’ದಲ್ಲಿ ನಾನಾ ಬಗೆಯ ಗೊಬ್ಬರದ ಪಾತ್ರೆಗಳು ಕೆಲಸ ಮಾಡುವುದನ್ನೇ ನಿಂತು ನೋಡಬಹುದು. ಮುಚ್ಚಳ ತೆಗೆದು ವಾಸನೆ ನೋಡಿದ ಮೇಲೆ ಯಾವುದು ತಮ್ಮ ಮನೆಗೆ ಹೊಂದುತ್ತದೆಂದು ಯಾರೂ ಹೇಳಿಕೊಡಬೇಕಿಲ್ಲ. ನೀರಿಲ್ಲದೆ ಬೆಳೆಯುವ, ಮಣ್ಣಿಲ್ಲದೆ ಬೆಳೆಯುವ, ತಾನೇ ಬೆಳೆಯುವ ಎಂದೆಲ್ಲ ಮಾರುವ ಸಾಧನಗಳ ವಿಷಯಕ್ಕೆ ಬಂದರೆ, ಮಣ್ಣುರಹಿತ ಕೃಷಿಯ ಕಿಟ್ಟುಗಳಲ್ಲಿ ಸೊಪ್ಪು ಚೆನ್ನಾಗಿ ಬರುವುದು ನಿಜ. ಅದಕ್ಕೆ ಪಂಪ್, ವಿದ್ಯುತ್, ಪ್ರತಿಸಲ ಕೊಳ್ಳಬೇಕಾದ ಪೋಷಕ ದ್ರಾವಣ ಬೇಕೆಂಬುದೂ ಅಷ್ಟೇ ನಿಜ. ಬೆಲೆಯ ಜೊತೆ ಈ ಖರ್ಚನ್ನೂ ಕೂಡಿಸಿ ನೋಡಿದ ಮೇಲೆ ಬೇಕೆನಿಸಿದರೆ ತರಬಹುದು.

ಎಲ್ಲ ಹೊಸ ಉಪಾಯಗಳಿಗೂ ದೊಡ್ಡ ಬೆಲೆ ಇರುತ್ತದೆಂದೂ ಅಲ್ಲ. ಹೂತ ಮಡಕೆಯ ನೀರಾವರಿಯನ್ನು ಚೀನಾದ ಕೃಷಿ ಗ್ರಂಥವೊಂದು ಎರಡು ಸಾವಿರ ವರ್ಷದ ಹಿಂದೆಯೇ ವಿವರಿಸಿದೆ, ನಮ್ಮ ಹಿತ್ತಲಿಗೆ ಅದು ಇಂದಿಗೂ ಹೊಸದೇ. ಮೆರುಗು ಹಚ್ಚದ, ತೂತಿಲ್ಲದ ಸಣ್ಣ ಮಡಕೆಯನ್ನು ಸಂತೆಯಲ್ಲಿ ಕೊಂಡು, ಕುತ್ತಿಗೆಯವರೆಗೆ ಪಾತಿಯ ನಡುವೆ ಹೂಳಬೇಕು. ನೀರು ತುಂಬಿ, ಸೊಳ್ಳೆ ಸೇರದಂತೆ ತೆಂಗಿನ ಚಿಪ್ಪು ಮುಚ್ಚಬೇಕು. ಸುತ್ತಲಿನ ಮಣ್ಣು ಒಣಗಿದಷ್ಟೂ ಮಡಕೆಯ ಗೋಡೆಯಿಂದ ನೀರು ಜಿನುಗುತ್ತದೆ, ಮಣ್ಣು ತೇವವಾಗಿದ್ದರೆ ಜಿನುಗುವುದು ತಾನಾಗಿ ತಗ್ಗುತ್ತದೆ. ಒಂದಡಿ ದೂರದೊಳಗೆ ನೆಟ್ಟ ಗಿಡಗಳ ಬೇರುಗಳು ಮಡಕೆಯನ್ನು ಹುಡುಕಿಕೊಂಡು ಬರುತ್ತವೆ. ಮೇಲೆ ಒಣಗಿದ ಎಲೆಯನ್ನೋ ಹುಲ್ಲನ್ನೋ ಎರಡು ಇಂಚು ಹೊದಿಸಿದರೆ ನೀರು ಆವಿಯಾಗುವುದೂ ಕಡಿಮೆ. ಬೇಸಿಗೆಯಲ್ಲಿ ಎರಡು ಮೂರು ದಿನ ಊರಿಗೆ ಹೋಗಿಬರಬೇಕಾದವರಿಗೆ ಇದಕ್ಕಿಂತ ಅಗ್ಗದ ಸಾಧನ ಕಾಣೆ.

ಕೇಳಬಹುದಾದ ಪ್ರಶ್ನೆಗಳು

ಇಷ್ಟೆಲ್ಲ ಓಡಾಡುವ ಬದಲು ಮನೆಯಲ್ಲೇ ಕೂತು ತರಿಸಿಕೊಳ್ಳಬಹುದಲ್ಲ, ಅಲ್ಲಿ ಸಿಗುವಷ್ಟು ವೈವಿಧ್ಯ ಯಾವ ಮೇಳದಲ್ಲಿದೆ ಎಂದು ಕೇಳುವವರಿದ್ದಾರೆ. ಸಣ್ಣ ಊರಿನಲ್ಲಿರುವವರಿಗೆ, ವಯಸ್ಸಾದವರಿಗೆ, ಕೆಲಸದ ಒತ್ತಡವಿರುವವರಿಗೆ ಆನ್‌ಲೈನ್ ಅಂಗಡಿ ಉಪಕಾರಿಯೇ. ಕತ್ತರಿ, ಕೊಳವೆ, ನೆರಳು ಪರದೆಯಂಥ ಸಾಮಾನನ್ನು ಅಲ್ಲಿಂದ ತರಿಸಿದರೆ ನಷ್ಟವೇನಿಲ್ಲ. ಜೀವವಿರುವ ಬೀಜ, ಗಿಡಗಳ ವಿಷಯ ಬೇರೆ. ನೀಲಿ, ಹಸಿರು, ಕಾಮನಬಿಲ್ಲಿನ ಬಣ್ಣದ ಗುಲಾಬಿ ‘ಬೀಜ’ವೆಂದು ಮಾರುವ ಚಿತ್ರಗಳನ್ನು ನೋಡಿರುತ್ತೀರಿ. ಗುಲಾಬಿ ತಳಿಗಳನ್ನು ಉಳಿಸುವುದು ಕಣ್ಣುಕಸಿಯಿಂದ, ಕಡ್ಡಿಯಿಂದ. ಬೀಜದಿಂದ ತಾಯಿಗಿಡದ ಬಣ್ಣ ಬರುತ್ತದೆಂಬ ಖಾತರಿಯಿಲ್ಲ, ಆಕಾಶನೀಲಿಯ ವರ್ಣದ್ರವ್ಯವಂತೂ ಗುಲಾಬಿಯಲ್ಲಿ ಸಹಜವಾಗಿ ಇಲ್ಲವೇ ಇಲ್ಲ. 2020ರಲ್ಲಿ ಹಲವು ದೇಶಗಳ ಜನರಿಗೆ ಕೇಳದೆಯೇ ಅಂಚೆಯಲ್ಲಿ ಬೀಜದ ಪೊಟ್ಟಣಗಳು ಬರತೊಡಗಿದಾಗ ಕೇಂದ್ರ ಕೃಷಿ ಸಚಿವಾಲಯವೂ ಎಚ್ಚರಿಕೆ ಹೊರಡಿಸಬೇಕಾಯಿತು. ರೋಗ, ಕಳೆ, ಕೀಟ ಇಂಥ ಪೊಟ್ಟಣದಲ್ಲೇ ಗಡಿ ದಾಟುತ್ತವೆ. ಎಲ್ಲಿಂದಲೇ ಕೊಂಡರೂ ಪೊಟ್ಟಣದ ಮೇಲೆ ತಳಿಯ ಹೆಸರು, ಲಾಟ್ ಸಂಖ್ಯೆ, ಪರೀಕ್ಷೆಯ ದಿನಾಂಕ, ಮೊಳಕೆಯ ಶೇಕಡಾವಾರು, ಎಂದಿನವರೆಗೆ ಬಿತ್ತಬಹುದು ಎಂಬುದು ಅಚ್ಚಾಗಿರಬೇಕು. ಬರೀ ಹಣ್ಣಿನ ಚಿತ್ರವಿದ್ದು ಇವೇನೂ ಇಲ್ಲದ ಪೊಟ್ಟಣವನ್ನು ಎಷ್ಟೇ ಅಗ್ಗವಾದರೂ ಬಿಡುವುದು ಒಳ್ಳೆಯದು.

ಹೈಬ್ರಿಡ್ ಬೇಡ, ನಾಟಿ ಮಾತ್ರ ಸಾಕು ಎನ್ನುವವರದ್ದು ಇನ್ನೊಂದು ವಾದ. ಬೀಜ ನಮ್ಮ ಕೈಯಲ್ಲೇ ಉಳಿಯಬೇಕೆಂಬ ಆಶಯ ಗೌರವಕ್ಕೆ ಅರ್ಹ. ಅರ್ಕಾ ರಕ್ಷಕ್ ಹೈಬ್ರಿಡ್ ಆದ್ದರಿಂದ ಅದರ ಹಣ್ಣಿನ ಬೀಜ ಬಿತ್ತಿದರೆ ಅದೇ ಗುಣ ಬರುವುದಿಲ್ಲ. ಆದರೆ ಅರ್ಕಾ ಅನಾಮಿಕಾ ಹೈಬ್ರಿಡ್ ಅಲ್ಲ, ಅದರ ಬೀಜವನ್ನು ಎತ್ತಿಟ್ಟು ಮತ್ತೆ ಬಿತ್ತಬಹುದು. ಸಂಶೋಧನಾ ಕೇಂದ್ರದಿಂದ ಬಂದದ್ದೆಲ್ಲ ಹೈಬ್ರಿಡ್ ಎಂಬುದು ತಪ್ಪು ತಿಳಿವಳಿಕೆ. ಹಳೆಯದೆಲ್ಲ ನಿರಪಾಯಕಾರಿ ಎಂಬುದೂ ಅಷ್ಟೇ. ‘ವಿಟಮಿನ್ ಸೊಪ್ಪು’ ಎಂದು ಹಿತ್ತಲುಗಳಲ್ಲಿ ಬೆಳೆಯುವ ಚಕ್ರಮುನಿ ಪಲ್ಯಕ್ಕೆ, ತಂಬುಳಿಗೆ ಹಿತವಾದದ್ದು. ಅದೇ ಎಲೆಯ ಹಸಿ ರಸವನ್ನು ತೂಕ ಇಳಿಸಲೆಂದು ವಾರಗಟ್ಟಲೆ ಕುಡಿದವರಲ್ಲಿ ತೀವ್ರ ಶ್ವಾಸಕೋಶದ ಹಾನಿ ಉಂಟಾದ ಪ್ರಕರಣಗಳು 1990ರ ದಶಕದಲ್ಲಿ ತೈವಾನ್‌ನಲ್ಲಿ ದಾಖಲಾಗಿವೆ. ಬೇಯಿಸಿ, ಹಿತಮಿತವಾಗಿ ತಿನ್ನುವ ನಮ್ಮ ಅಡುಗೆಮನೆಯ ಕ್ರಮವೇ ಇಲ್ಲಿ ಸರಿ. ಹೊಸದಾಗಲಿ ಹಳೆಯದಾಗಲಿ, ಎರಡಕ್ಕೂ ಒಂದೇ ತಕ್ಕಡಿ ಇರಲಿ.

ವಿದೇಶಿ ಗಿಡಗಳನ್ನು ತರಲೇಬಾರದೇ ಎಂಬ ಪ್ರಶ್ನೆಗೆ ಚರಿತ್ರೆ ಎರಡು ಉತ್ತರ ಕೊಡುತ್ತದೆ. ಹೈದರ್ ಅಲಿ 1760ರಲ್ಲಿ ಆರಂಭಿಸಿದ ಲಾಲ್‌ಬಾಗ್‌ಗೆ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಮೇಲ್ವಿಚಾರಕರಾಗಿದ್ದ ಜಾನ್ ಕ್ಯಾಮರಾನ್ ಹೊರನಾಡಿನ ಅನೇಕ ಗಿಡಗಳನ್ನು ತರಿಸಿ ಬೆಳೆಸಿ ನೋಡಿದರು. ಸೀಮೆ ಬದನೆಕಾಯಿ ಬೆಂಗಳೂರಿಗೆ ಬಂದದ್ದು ಹೀಗೆ. ಅದು ನಮ್ಮ ಕೂಟು, ಸಾಂಬಾರುಗಳಲ್ಲಿ ಬೆರೆತು ಊರಿನದೇ ತರಕಾರಿಯಾಗಿದೆ. ಅದೇ ಶತಮಾನದ ಆರಂಭದಲ್ಲಿ ಹೂವಿನ ಚೆಂದಕ್ಕೆಂದು ಭಾರತದ ತೋಟಗಳಿಗೆ ತಂದ ಲಂಟಾನ ಇಂದು ಬಂಡೀಪುರ, ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟಗಳ ಕಾಡಿನ ನೆಲವನ್ನೇ ಆವರಿಸಿ ಹುಲ್ಲು, ಮರದ ಸಸಿಗಳನ್ನು ಉಸಿರುಗಟ್ಟಿಸುತ್ತಿದೆ. ಅದರ ಕಡ್ಡಿಗಳಿಂದ ಪೀಠೋಪಕರಣ, ಆನೆಯ ಆಕೃತಿಗಳನ್ನು ಹೆಣೆದು ಕಾಡಂಚಿನ ಜನ ಒಂದಿಷ್ಟು ಆದಾಯ ಕಂಡುಕೊಂಡಿದ್ದಾರಾದರೂ ಕಾಡಿಗಾದ ನಷ್ಟ ತುಂಬಿಲ್ಲ. ನಮ್ಮ ಕೆರೆಗಳನ್ನು ಮುಚ್ಚುವ ಅಂತರಗಂಗೆಯೂ ತಿಳಿನೇರಳೆ ಹೂವಿಗಾಗಿ ತಂದ ಅಲಂಕಾರದ ಗಿಡವೇ. ಒಗ್ಗುವ ಗಿಡವನ್ನೂ ಹಾವಳಿಯೆಬ್ಬಿಸುವ ಗಿಡವನ್ನೂ ಬೇರ್ಪಡಿಸುವ ಪ್ರಶ್ನೆಗಳು ಸರಳ. ಇದರ ಹಣ್ಣನ್ನು ಹಕ್ಕಿಗಳು ತಿಂದು ಬೀಜ ಹರಡುತ್ತವೆಯೇ? ಮುರಿದು ಎಸೆದ ತುಂಡು ಚರಂಡಿಯಲ್ಲೂ ಬೇರು ಬಿಡುತ್ತದೆಯೇ? ದನ, ಕೀಟಗಳು ಇದನ್ನು ಮುಟ್ಟುವುದಿಲ್ಲವೇ? ಮೂರಕ್ಕೂ ‘ಹೌದು’ ಎಂದಾದರೆ ಹೂವು ಎಷ್ಟೇ ಚೆಂದವಿರಲಿ, ಅದನ್ನು ಹಿತ್ತಲಿಗೆ ತರುವುದು ಊರಿನ ಮೇಲೆ ಸಾಲ ಹೊರಿಸಿದಂತೆ. ಕಾಡಂಚಿನಲ್ಲಿ, ಕೆರೆ ಹತ್ತಿರ ಮನೆಯಿರುವವರು ಈ ವಿಷಯದಲ್ಲಿ ಇನ್ನಷ್ಟು ಕಟ್ಟುನಿಟ್ಟಾಗಿರಬೇಕು.

ಕೊನೆಯ ಆಕ್ಷೇಪ ಭಾವನೆಗೆ ಸಂಬಂಧಿಸಿದ್ದು. ಲೆಕ್ಕ, ಪರೀಕ್ಷೆ, ಪ್ರಶ್ನೆ ಎಂದು ಕೂತರೆ ತೋಟದ ಖುಷಿಯೇ ಹೋಗುವುದಿಲ್ಲವೇ, ಕಂಡ ಕೂಡಲೇ ಇಷ್ಟವಾದ ಗಿಡವನ್ನು ತರುವುದರಲ್ಲೂ ಒಂದು ಸಂತೋಷವಿದೆಯಲ್ಲ? ಇದೆ, ಅದನ್ನು ಕಳೆದುಕೊಳ್ಳಬೇಕಿಲ್ಲ. ಹತ್ತು ಕುಂಡಗಳಿದ್ದರೆ ಎಂಟು ನಮ್ಮ ಜಾಗಕ್ಕೆ ಒಗ್ಗಿದ ಗಿಡಗಳಿಗಿರಲಿ, ಎರಡು ಪ್ರಯೋಗಕ್ಕಿರಲಿ. ಆ ಎರಡರಲ್ಲಿ ಏನನ್ನಾದರೂ ಬೆಳೆಸಿ ನೋಡಬಹುದು; ಸೋತರೂ ತೋಟ ಸೋಲುವುದಿಲ್ಲ, ಗೆದ್ದದ್ದು ಮುಂದಿನ ವರ್ಷ ಎಂಟರ ಸಾಲಿಗೆ ಬರುತ್ತದೆ. ಬಸಳೆ, ದೊಡ್ಡಪತ್ರೆ, ಕರಿಬೇವು, ಮಲ್ಲಿಗೆ, ದಾಸವಾಳದಂಥ ಗಿಡಗಳ ಈ ಎಂಟರ ಬಳಗ ಭದ್ರವಾಗಿದ್ದಾಗಲೇ ಹೊಸದನ್ನು ಧೈರ್ಯವಾಗಿ ಪ್ರಯತ್ನಿಸಲು ಸಾಧ್ಯ. ತೋಟದ ನಿಜವಾದ ಖುಷಿ ಗಿಡ ಕೊಂಡ ದಿನಕ್ಕಿಂತ ಅದು ಉಳಿದು ಚಿಗುರಿದ ದಿನದ್ದು.

ಈ ವರ್ಷ ಹೀಗೆ ಮಾಡಿ. ನಿಮ್ಮ ಜಾಗದ ಒಂದೇ ಒಂದು ತೊಂದರೆಯನ್ನು ಆರಿಸಿಕೊಳ್ಳಿ: ಬೇಸಿಗೆಯ ನೀರೋ, ಬೆಂಡೆಯ ಹಳದಿ ರೋಗವೋ, ಬಿಸಿಲು ಬೀಳದ ಮೂಲೆಯೋ. ಅದಕ್ಕೆ ಉತ್ತರ ಹುಡುಕಿಕೊಂಡು ಒಂದು ಮೇಳಕ್ಕೋ ಹತ್ತಿರದ ತೋಟಗಾರಿಕೆ ಇಲಾಖೆಯ ಸಸ್ಯಕ್ಷೇತ್ರಕ್ಕೋ ಹೋಗಿ. ಒಂದು ತಳಿ, ಒಂದು ಸಾಧನ ಮಾತ್ರ ತನ್ನಿ. ತಂದ ದಿನಾಂಕ, ಬಿತ್ತಿದ ದಿನಾಂಕ, ಮೊದಲ ಕೊಯ್ಲು ಇವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಚೆನ್ನಾಗಿ ಬಂದದ್ದರ ಬೀಜವನ್ನೋ ಕಡ್ಡಿಯನ್ನೋ ಪಕ್ಕದ ಮನೆಗೆ ಕೊಡಿ, ಬರದಿದ್ದರ ಕಾರಣವನ್ನೂ ಅವರಿಗೆ ಹೇಳಿ. ಒಂದು ಬೀದಿಯ ಹತ್ತು ಮನೆಗಳು ಹೀಗೆ ಮಾಡಿದರೆ ಆ ಬೀದಿಯ ಮಣ್ಣಿಗೆ, ನೀರಿಗೆ, ಬಿಸಿಲಿಗೆ ಏನು ಒಗ್ಗುತ್ತದೆಂಬ ತಿಳಿವಳಿಕೆ ಮೂರು ವರ್ಷದಲ್ಲಿ ಕೂಡಿಬರುತ್ತದೆ. ಅಷ್ಟು ನಂಬಲರ್ಹ ಮಾಹಿತಿಯನ್ನು ಯಾವ ಜಾಹೀರಾತೂ ಕೊಡಲಾರದು.